ದುಗ್ಧಗ್ರಂಥಿಯೂ ಕ್ಯಾನ್ಸರ್ ರೋಗದ ಹಾದಿಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರೆನಿಸಿದವರು ವಾರ್ಷಿಕೋತ್ಸವದ ವೇದಿಕೆಯನ್ನೇರಿದರೆ ಕಾವ್ಯವಿಚಾರವನ್ನೋ ನಾಡಿನ ಹಿರಿಮೆಯನ್ನೋ ಕುರಿತು ನಾಲ್ಕು ಮಾತನಾಡುವರೆಂಬುದು ಸಭಿಕರ ನಿರೀಕ್ಷೆ. ಮಂಜೇಶ್ವರದ ಗೋವಿಂದ ಪೈಗಳು ಬಾಳಿದ ಈ ನೆಲದಲ್ಲಿ ಆ ನಿರೀಕ್ಷೆ ಸಹಜವಾದುದೇ. ಆದರೆ ಈ ವರ್ಷ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದರ ಕಾರಣವನ್ನು ಮೊದಲೇ ನಿವೇದಿಸುವುದು ಉಚಿತ.

ಕೆಲವು ವರ್ಷಗಳಿಂದ ನಮ್ಮ ಶಾಲೆಯ ಮಕ್ಕಳ ತಂದೆತಾಯಂದಿರು ಆಸ್ಪತ್ರೆಯ ಕಾಗದಗಳನ್ನು ಹಿಡಿದುಕೊಂಡು ಬಂದು, "ಮಾಷ್ಟ್ರೇ, ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಿ" ಎಂದು ಕೇಳುವುದು ಹೆಚ್ಚಾಗಿದೆ. ಮಂಗಳೂರಿಗೆ ಹೋದವರಿಗೆ ಕಾಗದವು ಇಂಗ್ಲಿಷಿನಲ್ಲಿ ದೊರೆಯುತ್ತದೆ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ ಹೋದವರಿಗೆ ಕಾಗದ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಮಲಯಾಳ ನಮಗೆ ಅಪರಿಚಿತ ಭಾಷೆಯೇನೂ ಅಲ್ಲ. ಆದರೆ ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಭಾಷೆಯು ಪ್ರಾಣಸಂಕಟದ ಹೊತ್ತಿಗೆ ಸಾಲದು. ಆ ಕಾಗದಗಳಲ್ಲಿ ಮರಳಿ ಮರಳಿ ಕಾಣಿಸುವ ಮಾತೊಂದಿದೆ: 'ಲಿಂಫ್ ನೋಡ್'. ಕ್ಯಾನ್ಸರು ಲಿಂಫ್ ನೋಡಿಗೆ ಹರಡಿದೆ ಎಂದು ತಿಳಿದವರು ಆ ಮಾತಿನ ಅರ್ಥವನ್ನರಿಯದೆಯೇ ಕೈಚೆಲ್ಲಿ ಕುಳಿತುದನ್ನು ಕಂಡಿದ್ದೇವೆ. ನಾವು ವೈದ್ಯರಲ್ಲ, ಚಿಕಿತ್ಸೆಯ ಸಲಹೆ ನೀಡುವ ಅಧಿಕಾರ ನಮಗಿಲ್ಲ. ಓದಿ ತಿಳಿದುದನ್ನು ತಾಯ್ನುಡಿಯಲ್ಲಿ ಬಿಡಿಸಿ ಹೇಳುವುದು ಮಾತ್ರ ನಮ್ಮ ಕಸುಬು.

ಮೊದಲು ಶಬ್ದದ ವಿಚಾರ. 'ಲಿಂಫ' ಎಂಬುದು ಲ್ಯಾಟಿನ್ ಭಾಷೆಯಲ್ಲಿ ತಿಳಿನೀರಿನ ಹೆಸರು. ಕನ್ನಡದ ಪಠ್ಯಪುಸ್ತಕಗಳು ಇದನ್ನು 'ದುಗ್ಧರಸ' ಎನ್ನುತ್ತವೆ. ದುಗ್ಧವೆಂದರೆ ಹಾಲು. ತಿಳಿನೀರು ಹಾಲಾದುದು ಹೇಗೆ? ಅದಕ್ಕೊಂದು ಕಥೆಯುಂಟು. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಎಂಬ ವೈದ್ಯನು ಆಗತಾನೆ ಆಹಾರವುಂಡಿದ್ದ ನಾಯಿಯೊಂದರ ಹೊಟ್ಟೆಯನ್ನು ಸೀಳಿ ನೋಡುತ್ತಿದ್ದಾಗ, ಕರುಳಿನ ಪೊರೆಯ ಮೇಲೆಲ್ಲ ಬಿಳಿಯ ದಾರಗಳಂತಹ ಎಳೆಗಳು ಕಂಡುವು. ನರಗಳಿರಬಹುದೆಂದು ಮೊದಲು ಭಾವಿಸಿದನು. ಒಂದನ್ನು ಕುಯ್ದಾಗ ಹಾಲಿನಂತಹ ದ್ರವ ಸುರಿಯಿತು. ಉಪವಾಸವಿದ್ದ ಮತ್ತೊಂದು ನಾಯಿಯಲ್ಲಿ ಹುಡುಕಿದರೆ ಆ ಎಳೆಗಳ ಸುಳಿವೇ ಇಲ್ಲ! ಊಟದ ಕೊಬ್ಬಿನಂಶವು ಸೇರಿದಾಗ ಮಾತ್ರ ಆ ರಸವು ಬೆಳ್ಳಗಾಗುವುದೆಂಬುದು ಆಮೇಲೆ ತಿಳಿದ ಸಂಗತಿ. ಮೈಯ ಉಳಿದೆಡೆಗಳಲ್ಲಿ ಅದು ತಿಳಿಯಾಗಿಯೇ ಹರಿಯುವುದು. ಡೆನ್ಮಾರ್ಕಿನ ಥಾಮಸ್ ಬಾರ್ಥೊಲಿನನು 1653ರಲ್ಲಿ ಈ ನಾಳಗಳಿಗೆ ತಿಳಿನೀರಿನ ಹೆಸರನ್ನಿತ್ತನು. ಹೀಗೆ ಇಂಗ್ಲಿಷಿನ ಹೆಸರು ಬಾರ್ಥೊಲಿನನ ಪಕ್ಷ, ಕನ್ನಡದ ಹೆಸರು ಅಸೆಲ್ಲಿಯ ಪಕ್ಷ. ಎರಡೂ ಸತ್ಯದ ಒಂದೊಂದು ಮುಖ.

ಇನ್ನು ವಸ್ತುವಿನ ವಿಚಾರ. ರಕ್ತವು ಮೈಯೆಲ್ಲ ಸುತ್ತುವಾಗ ಅದರ ನೀರಿನಂಶವು ಸ್ವಲ್ಪ ಸ್ವಲ್ಪವಾಗಿ ಸೂಕ್ಷ್ಮನಾಳಗಳಿಂದ ಒಸರಿ ಮಾಂಸದ ಸಂದುಗಳಲ್ಲಿ ನಿಲ್ಲುತ್ತದೆ. ತೋಟದಲ್ಲಿ ನಿಂತ ಮಳೆಯ ನೀರನ್ನು ಕಣಿ ತೋಡಿ ಹೊರಗೆ ಹರಿಸುವಂತೆ, ಈ ಒಸರನ್ನು ಎತ್ತಿಕೊಂಡು ಕತ್ತಿನ ಬುಡದಲ್ಲಿ ಮರಳಿ ರಕ್ತಕ್ಕೆ ಸೇರಿಸುವ ಕಣಿಗಳೇ ದುಗ್ಧನಾಳಗಳು. ಇವಕ್ಕೆ ಹೃದಯದಂತಹ ಒತ್ತುಯಂತ್ರವಿಲ್ಲ. ಸ್ನಾಯುಗಳ ಅಲುಗಾಟ ಮತ್ತು ನಾಳಗಳ ಕವಾಟಗಳು ಇವನ್ನು ನಡೆಯಿಸುತ್ತವೆ. ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನ ಆಕಾರದ ಸಣ್ಣ ಗಂಟುಗಳು. ಇವೇ ದುಗ್ಧಗ್ರಂಥಿಗಳು, ಕಾಗದದಲ್ಲಿ ಬರೆದಿರುವ ಲಿಂಫ್ ನೋಡುಗಳು. ಮೈಯಲ್ಲಿ ಸುಮಾರು 500ರಿಂದ 600; ಅವುಗಳಲ್ಲಿ ದೊಡ್ಡದೊಂದು ಪಾಲು ಕುತ್ತಿಗೆಯಲ್ಲೇ ಇದೆ. ಕಾಲಿನ ಹುಣ್ಣು ಬಲಿತಾಗ ತೊಡೆಸಂದಿಯಲ್ಲಿ ಗಂಟು ಕಟ್ಟುವುದನ್ನು ಎಲ್ಲರೂ ಬಲ್ಲರು. ಆ ಗಂಟು ರೋಗವಲ್ಲ, ರೋಗಾಣುಗಳನ್ನು ತಡೆದು ನಿಲ್ಲಿಸಿದ ಠಾಣೆ. ತಲಪಾಡಿಯ ತನಿಖಾಠಾಣೆಯನ್ನು ದಾಟಿ ಮಂಗಳೂರಿಗೆ ಹೋಗಿಬರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕ್ಯಾನ್ಸರಿನ ಕಣಗಳೂ ಹುಟ್ಟಿದ ಜಾಗವನ್ನು ಬಿಟ್ಟು ಹೊರಟಾಗ ಅನೇಕ ವೇಳೆ ಇದೇ ಕಣಿಗಳನ್ನು ಹಿಡಿಯುತ್ತವೆ. ಸ್ತನದಿಂದ ಹೊರಟವು ಕಂಕುಳಿನ ಗ್ರಂಥಿಗಳಿಗೆ, ನಾಲಗೆಯಿಂದ ಹೊರಟವು ದವಡೆಯ ಕೆಳಗಿನ ಗ್ರಂಥಿಗಳಿಗೆ ಬರುತ್ತವೆ. ಸೋಂಕಿನ ರೋಗಾಣುಗಳಂತೆ ಇವು ಅಲ್ಲಿ ಸಾಯುವುದಿಲ್ಲ. ಕಾವಲಿನವನ ಮನೆಯಲ್ಲೇ ಕಳ್ಳನು ಬಿಡಾರ ಹೂಡಿದಂತೆ ಕೆಲವು ಅಲ್ಲೇ ನೆಲೆಸಿ ಬೆಳೆಯುತ್ತವೆ. ಆದುದರಿಂದ ರೋಗವು ಎಷ್ಟು ದೂರ ನಡೆದಿದೆಯೆಂದು ತಿಳಿಯಲು ವೈದ್ಯರು ಮೊದಲು ಕೇಳುವುದು ಗ್ರಂಥಿಯ ಸಾಕ್ಷ್ಯವನ್ನೇ.

ಒಂದು ಕಾಲದಲ್ಲಿ ಈ ಸಾಕ್ಷ್ಯವನ್ನು ಕೇಳುವ ಕ್ರಮ ಬಹು ಕ್ರೂರವಾಗಿತ್ತು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ಡರು 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ಕೊಯ್ದು ತೆಗೆಯುತ್ತಿದ್ದರು. ಮುಕ್ಕಾಲು ಶತಮಾನದಷ್ಟು ಕಾಲ ಇದೇ ಶಾಸ್ತ್ರವಾಗಿ ನಡೆಯಿತು. ಅನೇಕರು ಬದುಕಿದರು, ಅಹುದು. ಆದರೆ ಕಣಿಯನ್ನು ಮುಚ್ಚಿದರೆ ತೋಟದಲ್ಲಿ ನೀರು ನಿಲ್ಲದೆ ಇರುವುದೇ? ಹಲವು ಹೆಂಗಸರ ಕೈಗಳು ಬಾತು ಭಾರವಾಗಿ ಆಜೀವ ಹಾಗೆಯೇ ಉಳಿದುವು. ಆನೆಕಾಲು ರೋಗದಲ್ಲಿ ಕಾಲು ಊದುವುದೂ ಇದೇ ನಾಳಗಳು ಕೆಡುವುದರಿಂದಲೇ. ಕರಾವಳಿಯ ಹಿರಿಯರು ಕಂಡು ಮರುಗಿದ ಆ ಬಾವಿಗೆ ಆಯುರ್ವೇದ, ಯೋಗ ಮತ್ತು ಹೊಸ ವೈದ್ಯ ಮೂರನ್ನೂ ಕೂಡಿಸಿ ಚಿಕಿತ್ಸೆ ನೀಡುತ್ತಿರುವುದು ನಮ್ಮ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬುದನ್ನು ಈ ಪ್ರಸಂಗದಲ್ಲಿ ನೆನೆಯಬೇಕು.

ಎಲ್ಲ ಗ್ರಂಥಿಗಳನ್ನೂ ಏಕೆ ತೆಗೆಯಬೇಕು? ಕಣಿಯ ನೀರು ಮೊತ್ತಮೊದಲು ಯಾವ ಗ್ರಂಥಿಯನ್ನು ಸೇರುವುದೋ ಅದೊಂದನ್ನೇ ಕೇಳಿದರೆ ಸಾಲದೇ? ಈಗ ಬಹು ಸರಳವಾಗಿ ಕಾಣುವ ಈ ಪ್ರಶ್ನೆ ಫಲಿಸಲು ಬಹಳ ಕಾಲ ಹಿಡಿಯಿತು. ಪರಾಗ್ವೆ ದೇಶದ ರಾಮೋನ್ ಕಬಾನ್ಯಾಸರು 1977ರಲ್ಲಿ ಪುರುಷಾಂಗದ ಕ್ಯಾನ್ಸರಿನ ವಿಷಯದಲ್ಲಿ ಇಂತಹ ಮೊದಲ ಗ್ರಂಥಿಯನ್ನು ಗುರುತಿಸಿ 'ಸೆಂಟಿನೆಲ್ ನೋಡ್' ಎಂದು ಕರೆದರು. 'ಕಾವಲು ಗ್ರಂಥಿ' ಎಂದು ನಾವು ಕನ್ನಡಿಸಿದ್ದೇವೆ. 1992ರಲ್ಲಿ ಅಮೆರಿಕದ ಡೊನಾಲ್ಡ್ ಮಾರ್ಟನ್ನರು ಚರ್ಮದ ಕರಿಗಂಟಿನ ಕ್ಯಾನ್ಸರಿನ ಸುತ್ತ ನೀಲಿಯ ಬಣ್ಣವನ್ನು ಚುಚ್ಚಿ, ಆ ಬಣ್ಣವು ಹರಿದ ಹಾದಿಯನ್ನೇ ಹಿಡಿದು ಮೊದಲು ನೀಲಿಯಾದ ಗ್ರಂಥಿಯನ್ನು ತೆಗೆದು ನೋಡುವ ಕ್ರಮವನ್ನು ಪ್ರಕಟಿಸಿದರು. 1993ರಲ್ಲಿ ಡೇವಿಡ್ ಕ್ರ್ಯಾಗರು ವಿಕಿರಣದ್ರವ್ಯದಿಂದಲೂ 1994ರಲ್ಲಿ ಆರ್ಮಂಡೊ ಜೂಲಿಯಾನೊ ಅವರು ನೀಲಿಯಿಂದಲೂ ಇದನ್ನು ಸ್ತನದ ಕ್ಯಾನ್ಸರಿಗೆ ಅನ್ವಯಿಸಿದರು. ಈಗ ಇಂಡೊಸಯನಿನ್ ಗ್ರೀನ್ ಎಂಬ ಹಸುರು ಬಣ್ಣವೂ ಬಳಕೆಯಲ್ಲಿದೆ. ಕಣ್ಣಿಗೆ ಕಾಣದ ಅತಿರಕ್ತ ಕಿರಣವನ್ನು ಹಾಯಿಸಿದಾಗ ಅದು ಹೊಳೆಯುವುದನ್ನು ವಿಶೇಷ ಕ್ಯಾಮರಾ ಹಿಡಿದು ತೋರಿಸುತ್ತದೆ.

ಕಾವಲು ಗ್ರಂಥಿಯಲ್ಲಿ ರೋಗವಿಲ್ಲದಿದ್ದರೆ ಮುಂದಿನವನ್ನು ಮುಟ್ಟುವ ಅಗತ್ಯ ಸಾಮಾನ್ಯವಾಗಿ ಬೀಳದು. ಇಷ್ಟೇ ಅಲ್ಲ. ಸ್ತನವನ್ನು ಉಳಿಸಿ ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಪಡೆಯುವ ಹೆಂಗಸರಲ್ಲಿ ಒಂದೆರಡು ಕಾವಲು ಗ್ರಂಥಿಗಳಲ್ಲಿ ರೋಗವಿದ್ದರೂ ಉಳಿದವನ್ನು ಬಿಡಬಹುದೆಂದು ಜೂಲಿಯಾನೊ ಅವರ ಪರೀಕ್ಷೆ ತೋರಿಸಿತು. 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ಹತ್ತು ವರ್ಷಗಳ ತರುವಾಯ ಜೀವಿಸಿದ್ದವರು ಗ್ರಂಥಿಗಳನ್ನು ಬಿಟ್ಟವರಲ್ಲಿ ನೂರಕ್ಕೆ 86.3, ಎಲ್ಲವನ್ನೂ ತೆಗೆಸಿಕೊಂಡವರಲ್ಲಿ ನೂರಕ್ಕೆ 83.6. ಹೆಚ್ಚು ಕೊಯ್ದುದರಿಂದ ಯಾವ ಲಾಭವೂ ಆಗಲಿಲ್ಲವೆಂದಾಯಿತು.

ಕೊಯ್ಯದೆಯೇ ನೋಡಲಾಗದೇ ಎಂಬುದು ಮುಂದಿನ ಪ್ರಶ್ನೆ. ಸ್ಕ್ಯಾನುಗಳಿವೆಯಷ್ಟೆ. ಆದರೆ ಅಲ್ಟ್ರಾಸೌಂಡಾಗಲಿ ಸಿ.ಟಿ. ಸ್ಕ್ಯಾನಾಗಲಿ ಮುಖ್ಯವಾಗಿ ಗಾತ್ರವನ್ನೂ ಆಕಾರವನ್ನೂ ನೋಡಿ ತೀರ್ಪು ಹೇಳುತ್ತವೆ. ಒಂದು ಸೆಂಟಿಮೀಟರಿಗಿಂತ ದೊಡ್ಡದಾದರೆ ಸಂಶಯ, ಚಿಕ್ಕದಾದರೆ ಸಮಾಧಾನ. ಹುಳುಕುಹಲ್ಲಿನಿಂದಲೂ ಗ್ರಂಥಿ ದೊಡ್ಡದಾಗಬಹುದು; ಸಣ್ಣ ಗ್ರಂಥಿಯೊಳಗೂ ಕ್ಯಾನ್ಸರು ಅಡಗಿರಬಹುದು. ಪೆಟ್ ಸ್ಕ್ಯಾನಿನ ಕ್ರಮ ಬೇರೆ. ವಿಕಿರಣದ ಗುರುತು ಹಚ್ಚಿದ ಒಂದು ಬಗೆಯ ಸಕ್ಕರೆಯನ್ನು ರಕ್ತಕ್ಕೆ ಸೇರಿಸಿದರೆ, ಹಸಿವು ಹೆಚ್ಚಾದ ಕಣಗಳು ಅದನ್ನು ಹೆಚ್ಚಾಗಿ ಸೆಳೆದುಕೊಂಡು ಹೊಳೆಯುತ್ತವೆ. ಇಲ್ಲಿಯೂ ತೊಡಕುಂಟು. ಕ್ಷಯದ ಗಂಟಿಗೂ ಅಂತಹುದೇ ಹಸಿವು. ಗಂಡಮಾಲೆಯೆಂದು ಹಿಂದಿನವರು ಕರೆದ ಕುತ್ತಿಗೆಯ ಕ್ಷಯ ನಮ್ಮ ದೇಶದಲ್ಲಿ ವಿರಳವಲ್ಲ. ಆದುದರಿಂದ ಪೆಟ್ ಸ್ಕ್ಯಾನಿನಲ್ಲಿ ಹೊಳೆದ ಮಾತ್ರಕ್ಕೆ ಕ್ಯಾನ್ಸರೆಂದು ಅಳುತ್ತ ಕೂರಬೇಕಾಗಿಲ್ಲ. ಸೂಜಿಯಿಂದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಮೇಲೆಯೇ ತೀರ್ಪು.

ನಮ್ಮ ಮನಸ್ಸಿಗೆ ಬಹುವಾಗಿ ಹಿಡಿಸಿದುದು ಕಬ್ಬಿಣದ ಉಪಾಯ. ಅತಿಸೂಕ್ಷ್ಮವಾದ ಕಬ್ಬಿಣದ ಪುಡಿಯನ್ನು ರಕ್ತಕ್ಕೆ ಸೇರಿಸಿದರೆ ಆರೋಗ್ಯವಾದ ಗ್ರಂಥಿಯ ಕಾವಲಿನ ಕಣಗಳು ಅದನ್ನು ನುಂಗುತ್ತವೆ, ಎಂ.ಆರ್.ಐ. ಚಿತ್ರದಲ್ಲಿ ಆ ಗ್ರಂಥಿ ಕಪ್ಪಾಗಿ ಕಾಣುತ್ತದೆ. ಕ್ಯಾನ್ಸರು ನೆಲೆಸಿದ ಕಡೆ ನುಂಗುವವರೇ ಇಲ್ಲ. ಅಲ್ಲಿ ಬಿಳುಪು ಹಾಗೆಯೇ ಉಳಿಯುತ್ತದೆ. ಮುಕೇಶ್ ಹರಿಸಿಂಘಾನಿ ಮತ್ತು ಅವರ ಸಂಗಡಿಗರು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿದ್ದ 80 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ರೋಗವಿದ್ದ ಗ್ರಂಥಿಗಳಲ್ಲಿ ಸಾಧಾರಣ ಎಂ.ಆರ್.ಐ. ಗುರುತಿಸಿದುದು ನೂರಕ್ಕೆ 35.4, ಕಬ್ಬಿಣದ ನೆರವಿನಿಂದ ಗುರುತಾದುದು ನೂರಕ್ಕೆ 90.5. ಇಷ್ಟು ಸೊಗಸಾದ ಉಪಾಯಕ್ಕೂ ಅಮೆರಿಕದಲ್ಲಿ ಬಳಕೆಯ ಅನುಮತಿ ದೊರೆಯಲಿಲ್ಲ. ನೆದರ್ಲೆಂಡಿನ ವೈದ್ಯರು ಅದನ್ನು ಕೈಬಿಡದೆ ಮುಂದುವರಿಸಿದರು.

ಕಾಣುವುದರಿಂದ ಕೊಲ್ಲುವುದಕ್ಕೆ ಹೋಗೋಣ. ಸಾಧಾರಣ ಕ್ಯಾನ್ಸರ್ ಔಷಧಿಯು ರಕ್ತದಲ್ಲಿ ಸೇರಿ ಮೈಯೆಲ್ಲ ಹರಡುತ್ತದೆ; ಕೂದಲು ಉದುರುವುದೂ ವಾಂತಿಯಾಗುವುದೂ ಅದರಿಂದಲೇ. ವಿಳಾಸವಿಲ್ಲದ ಕಾಗದವನ್ನು ಊರಿನ ಎಲ್ಲ ಮನೆಗಳಿಗೂ ಹಂಚಿದಂತೆ. ವಿಳಾಸ ಬರೆದು ಕಳುಹಿಸಲು ಸಾಧ್ಯವೇ? ಸಾಧ್ಯವೆಂದು ತೋರಿಸಿದುದು ಅಯೋಡಿನ್. ಗಂಟಲಿನ ಥೈರಾಯ್ಡ್ ಗ್ರಂಥಿ ಮಾತ್ರ ಅಯೋಡಿನ್ನನ್ನು ಹೆಚ್ಚಾಗಿ ಹೀರುವುದು. ಅದರ ಕ್ಯಾನ್ಸರು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿದರೂ ಅನೇಕ ವೇಳೆ ಹುಟ್ಟುಗುಣವನ್ನು ಬಿಡದು. ವಿಕಿರಣ ಸೂಸುವ ಅಯೋಡಿನ್ನನ್ನು ಕುಡಿಸಿದರೆ ಅದು ತಾನಾಗಿ ಅಲ್ಲಿಗೆ ಹೋಗಿ ಸೇರಿ, ತನ್ನ ಇರವನ್ನು ಯಂತ್ರಕ್ಕೆ ತೋರಿಸಿ, ಆ ಕಣಗಳನ್ನು ಸುಡುವುದು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಸೈಡ್ಲಿನ್ ಮತ್ತು ಸಂಗಡಿಗರು ಹರಡಿದ ಥೈರಾಯ್ಡ್ ಕ್ಯಾನ್ಸರಿನಲ್ಲಿ ಇದನ್ನು ಬಳಸಿ 1946ರಲ್ಲಿ ಪ್ರಕಟಿಸಿದರು. ದೀಪವೂ ಬಾಣವೂ ಒಂದೇ ಆದುದು ಹೀಗೆ.

ಎಲ್ಲ ಕ್ಯಾನ್ಸರುಗಳೂ ಅಯೋಡಿನ್ ಕುಡಿಯವು. ಬೇರೆಯವಕ್ಕೆ ಬೇರೆ ವಿಳಾಸ ಬೇಕು. ಪ್ರಾಸ್ಟೇಟ್ ಕ್ಯಾನ್ಸರಿನ ಕಣಗಳ ಹೊರಮೈಯಲ್ಲಿ ಪಿ.ಎಸ್.ಎಂ.ಎ. ಎಂಬ ಪ್ರೋಟೀನು ವಿಪುಲವಾಗಿದೆ. ಅದಕ್ಕೆ ಅಂಟುವ ಅಣುವಿಗೆ ಗ್ಯಾಲಿಯಂ ಕಟ್ಟಿದರೆ ಗ್ರಂಥಿಗಳಲ್ಲಿ ಅಡಗಿದ ರೋಗವು ಚಿತ್ರದಲ್ಲಿ ಕಾಣುತ್ತದೆ. ಅಂತಹುದೇ ಅಣುವಿಗೆ ಲುಟೀಷಿಯಂ ಕಟ್ಟಿದರೆ ಸುಡುತ್ತದೆ. ಲುಟೀಷಿಯಂ ಕಿರಣವು ಸುಮಾರು 2 ಮಿಲಿಮೀಟರಿನಾಚೆ ಹೋಗದು. ನೆರೆಮನೆಗೆ ಬೆಂಕಿ ಬೀಳದೆಂಬ ಧೈರ್ಯ. ಬೇರೆ ಚಿಕಿತ್ಸೆಗಳೆಲ್ಲ ಸೋತ 831 ಮಂದಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಧ್ಯಮ ಆಯುಸ್ಸು 11.3 ತಿಂಗಳಿಂದ 15.3 ತಿಂಗಳಿಗೆ ಏರಿತು. ನಾಲ್ಕು ತಿಂಗಳು! ಅಲ್ಪವೆನ್ನುವವರು ಎನ್ನಲಿ, ಮಗಳ ಮದುವೆಯನ್ನು ಕಾಣಲು ಅಷ್ಟು ಸಾಕಾದವರುಂಟು. ಈ ವಿಳಾಸವೂ ನಿರ್ದುಷ್ಟವಲ್ಲ. ಜೊಲ್ಲಿನ ಗ್ರಂಥಿಗಳೂ ಈ ಔಷಧಿಯನ್ನು ಸೆಳೆದುಕೊಳ್ಳುವುದರಿಂದ ಬಾಯಿ ಒಣಗುತ್ತದೆ. ಲುಟೀಷಿಯಂ ನಮ್ಮ ಮುಂಬಯಿಯ ಭಾಭಾ ಅಣುಸಂಶೋಧನಾ ಕೇಂದ್ರದ ಧ್ರುವ ಸ್ಥಾವರದಲ್ಲಿಯೂ ತಯಾರಾಗುತ್ತದೆ.

ಸ್ತನದ ಕೆಲವು ಕ್ಯಾನ್ಸರುಗಳಿಗೆ 'ಹರ್ ಟು' ಎಂಬ ಪ್ರೋಟೀನೇ ವಿಳಾಸ. ಅದನ್ನು ಹುಡುಕಿ ಹಿಡಿಯುವ ಪ್ರತಿಕಾಯದ ಬೆನ್ನಿಗೆ ವಿಷವನ್ನು ಕಟ್ಟಿ ಕಳುಹಿಸುವ ಔಷಧಿಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊದಲು ಔಷಧಿ ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿದಾಗಲೂ ಸ್ತನದಲ್ಲೋ ಕಂಕುಳಿನ ಗ್ರಂಥಿಯಲ್ಲೋ ರೋಗವು ಉಳಿದಿದ್ದ 1486 ಮಂದಿಯಲ್ಲಿ ಇದನ್ನು ಪರೀಕ್ಷಿಸಿದರು. ಮೂರು ವರ್ಷ ರೋಗ ಮರುಕಳಿಸದೆ ಇದ್ದವರು ಹಳೆಯ ಔಷಧಿಯಲ್ಲಿ ನೂರಕ್ಕೆ 77, ಹೊಸದರಲ್ಲಿ 88.3.

ಇವೆಲ್ಲವೂ ರಕ್ತದ ಮಾರ್ಗದಿಂದ ಹೋಗುವಂಥವು. ದುಗ್ಧನಾಳದ ಕಣಿಯಲ್ಲೇ ಔಷಧಿಯನ್ನು ಹರಿಸುವ ಯತ್ನವೂ ನಡೆದಿದೆ. ಇಲ್ಲಿ ಎಲ್ಲವೂ ಗಾತ್ರದ ಲೆಕ್ಕ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎನ್ನುವರು. ಚರ್ಮದಡಿ ಚುಚ್ಚಿದ ಕಣವು ಸುಮಾರು 10 ನ್ಯಾನೋಮೀಟರಿಗಿಂತ ಕಿರಿದಾದರೆ ರಕ್ತನಾಳಕ್ಕೆ ನುಸುಳುವುದು, 100ಕ್ಕಿಂತ ಬಹಳ ಹಿರಿದಾದರೆ ಚುಚ್ಚಿದಲ್ಲೇ ಕೂರುವುದು. ನಡುವಣದು ದುಗ್ಧನಾಳವನ್ನು ಹಿಡಿಯುವುದು. ಇನ್ನೊಂದು ಉಪಾಯ ಮಾರ್ಟನ್ನರ ನೀಲಿಯ ದಾಯಾದಿ. ಅಂತಹ ಬಣ್ಣಗಳು ಒಸರಿನಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಹೋಗುವ ಗಾಡಿಯ ಹಿಂದೆ ಜೋತುಬಿದ್ದ ಹುಡುಗನಂತೆ, ಗ್ರಂಥಿಯನ್ನು ತಲಪುತ್ತವೆ. ಬಣ್ಣವು ಹೋಗಬಲ್ಲುದಾದರೆ ಲಸಿಕೆಯು ಏಕೆ ಹೋಗಬಾರದೆಂದು ಅಮೆರಿಕದ ಡ್ಯಾರೆಲ್ ಅರ್ವೈನ್ ಮತ್ತು ಸಂಗಡಿಗರು ಯೋಚಿಸಿ 2014ರಲ್ಲಿ ಇಲಿಗಳಲ್ಲಿ ಮಾಡಿ ತೋರಿಸಿದರು. ಆ ಬಗೆಯ ಲಸಿಕೆಯನ್ನು ಮೇದೋಜೀರಕಾಂಗ ಮತ್ತು ದೊಡ್ಡಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ 25 ಮಂದಿಗೆ ಕೊಟ್ಟ ಮೊದಲ ಹಂತದ ಪರೀಕ್ಷೆಯ ವರದಿ 2024ರಲ್ಲಿ ಬಂದಿದೆ. ಹೆಚ್ಚಿನವರಲ್ಲಿ ರಕ್ಷಕ ಕಣಗಳು ಎಚ್ಚೆತ್ತುವು. ಇಪ್ಪತ್ತೈದು ಜನರ ಪರೀಕ್ಷೆಯಿಂದ ಚಿಕಿತ್ಸೆಯೊಂದು ಸಿದ್ಧವಾಯಿತೆಂದು ಸಾರುವುದು ಪತ್ರಿಕೆಗಳ ಅವಸರ, ಶಾಸ್ತ್ರದ ಮಾತಲ್ಲ.

ಈಗ ಮನೆಯ ಮಾತಿಗೆ ಬರೋಣ. ಇಲ್ಲಿ ನೆರೆದಿರುವವರಲ್ಲಿ ಅಡಿಕೆಯ ತೋಟವಿಲ್ಲದವರು, ಅಡಿಕೆಯ ವ್ಯಾಪಾರದ ಋಣವಿಲ್ಲದವರು ಕಡಮೆ. ವೀಳ್ಯವಿಲ್ಲದೆ ನಮಗೆ ಶುಭಕಾರ್ಯವಿಲ್ಲ. ಹೀಗಿರುವಾಗ ಈ ಮಾತನ್ನಾಡುವುದು ಅಪ್ರಿಯ, ಆಡದಿರುವುದು ಅಪಚಾರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರದ ಕವಳವೂ, ಅಡಿಕೆಯು ತಾನೇ ಆಗಿಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳೆಂದು ನಿರ್ಣಯಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಮತ್ತಷ್ಟು. ಬೆಲೆ ಇಳಿದೀತೆಂಬ ಭಯದಿಂದ ಈ ನಿರ್ಣಯವನ್ನು ಅಲ್ಲಗಳೆಯುವವರ ಕಷ್ಟ ನಮಗೆ ತಿಳಿಯದುದಲ್ಲ. ಆದರೆ ತೋಟದ ಸಂಕಟಕ್ಕೆ ಪರಿಹಾರವನ್ನು ತೋಟದಲ್ಲಿ ಹುಡುಕಬೇಕೇ ಹೊರತು ಬಾಯಿಯಲ್ಲಿ ಅಲ್ಲ.

ಬಾಯಿಯ ಕ್ಯಾನ್ಸರಿನ ಹಾದಿ ಕುತ್ತಿಗೆಯ ಗ್ರಂಥಿಗಳ ಮೂಲಕ. ಅವುಗಳಿಗೆ ತಲಪಿದರೆ ಗುಣವಾಗುವ ಸಂಭವವು ಸುಮಾರು ಅರ್ಧಕ್ಕಿಳಿಯುತ್ತದೆ. ಇಲ್ಲಿ ಸ್ತನದ ಕಥೆಯನ್ನು ಹಾಗೆಯೇ ಅನ್ವಯಿಸಲಾಗದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ 500 ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಬಾಯಿಯಲ್ಲಿ ಮೊದಲ ಹಂತದ ಹುಣ್ಣಿದ್ದು ಕುತ್ತಿಗೆಯಲ್ಲಿ ಗಂಟೇನೂ ಕಾಣದವರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಬಾಯಿಯ ಶಸ್ತ್ರಚಿಕಿತ್ಸೆಯೊಡನೆಯೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದಕ್ಕೆ ಗಂಟು ಕಂಡಾಗ ತೆಗೆದರು. ಮೂರು ವರ್ಷಗಳ ಕೊನೆಗೆ ಮೊದಲ ಪಂಗಡದಲ್ಲಿ ನೂರಕ್ಕೆ 80 ಮಂದಿ, ಎರಡನೆಯದರಲ್ಲಿ 67.5 ಮಂದಿ ಜೀವಿಸಿದ್ದರು. "ಕುತ್ತಿಗೆಯಲ್ಲಿ ಏನೂ ಇಲ್ಲದಿರುವಾಗ ಅದನ್ನೇಕೆ ಕೊಯ್ಯಬೇಕು ಮಾಷ್ಟ್ರೇ?" ಎಂದು ಕೇಳುವವರಿಗೆ ಉತ್ತರ ಇದು. ಏನೂ ಇಲ್ಲವೆಂದು ಬೆರಳು ಹೇಳಿದುದು, ಸ್ಕ್ಯಾನು ಹೇಳಿದುದು. ಗ್ರಂಥಿ ಇನ್ನೂ ಹೇಳಿಲ್ಲ. ಬಾಯಿಯ ಕ್ಯಾನ್ಸರಿನಲ್ಲಿಯೂ ಕಾವಲು ಗ್ರಂಥಿಯನ್ನು ಮಾತ್ರ ಪರೀಕ್ಷಿಸುವುದು ಕೀಳಲ್ಲವೆಂದು ಫ್ರಾನ್ಸಿನ 2020ರ ಮತ್ತು ಜಪಾನಿನ 2021ರ ವರದಿಗಳು ತೋರಿಸಿವೆ. ಅದಕ್ಕೆ ಪಳಗಿದ ಕೈಯೂ ವಿಶೇಷ ಸಲಕರಣೆಯೂ ಬೇಕು. ಜಪಾನಿನಲ್ಲಿ 2020ರಿಂದ, ಪ್ರತಿಕಾಯಕ್ಕೆ ಬಣ್ಣವನ್ನು ಕಟ್ಟಿ ಕಳುಹಿಸಿ ಮೇಲಿಂದ ಕೆಂಪು ಬೆಳಕನ್ನು ಹಾಯಿಸಿ ಕೊಲ್ಲುವ ಚಿಕಿತ್ಸೆಗೆ ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಅನುಮತಿಯುಂಟು, ಅದೂ ಕೊಯ್ಯಲಾಗದ ಹಂತದವರಿಗೆ. ಉಳಿದಂತೆ ಬಾಯಿಯ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಆಧಾರ ಶಸ್ತ್ರ ಮತ್ತು ವಿಕಿರಣ. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ದಿನದಿಂದ ದಿನಕ್ಕೆ ಕಿರಿದಾಗುವ ಬಾಯಿಬಿಚ್ಚು, ದವಡೆಯ ಕೆಳಗೆ ನೋವಿಲ್ಲದೆ ಗಟ್ಟಿಯಾಗಿ ಬೆಳೆವ ಗಂಟು ಇವುಗಳಲ್ಲಿ ಯಾವುದನ್ನೇ ಕಂಡರೂ ಸುಗ್ಗಿ ಮುಗಿಯಲೆಂದು ಕಾಯಕೂಡದು. ನೋವಿಲ್ಲವೆಂಬುದು ಸಮಾಧಾನದ ಕಾರಣವಲ್ಲ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ತಲಪಾಡಿಯ ಗಡಿಯು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳು ನಮಗೆ ಎಷ್ಟು ದೂರವಾದುವೆಂಬುದು ಯಾರಿಗೂ ಮರೆತಿಲ್ಲ. ಅಂದಿನ ತಡೆ ಹೊರಗಿನದು. ಮನೆಯೊಳಗೆ ನಾವೇ ಮಾಡುವ ತಡವು ಅದಕ್ಕಿಂತ ಹೆಚ್ಚು ದಿನಗಳನ್ನು ನುಂಗುತ್ತದೆ.

ಕೊನೆಯದಾಗಿ, ಕಾಗದವನ್ನು ಓದುವ ಬಗೆ. ಫ್ರಾನ್ಸಿನ ಪಿಯರ್ ದೆನ್ವಾ ಎಂಬವರು 1940ರ ದಶಕದಲ್ಲಿ ರೂಪಿಸಿದ ಮೂರು ಅಕ್ಷರಗಳ ಸಂಕೇತ ಎಲ್ಲ ಕಾಗದಗಳಲ್ಲಿಯೂ ಇರುತ್ತದೆ: ಟಿ, ಎನ್, ಎಂ. ಟಿ ಎಂಬುದು ಮೂಲದ ಗಂಟು, ಎನ್ ಎಂಬುದು ಗ್ರಂಥಿಗಳು, ಎಂ ಎಂಬುದು ದೂರದ ಅಂಗಗಳಿಗೆ ಹರಡಿದುದು. ಎನ್ ಅಕ್ಷರದ ಮುಂದೆ ಸೊನ್ನೆಯಿದ್ದರೆ ಗ್ರಂಥಿಯಲ್ಲಿ ರೋಗ ಕಂಡಿಲ್ಲವೆಂದರ್ಥ. ಒಂದು, ಎರಡು, ಮೂರು ಎಂಬ ಅಂಕಿಗಳ ಅರ್ಥ ಅಂಗಕ್ಕೆ ತಕ್ಕಂತೆ ಬೇರೆಯಾಗುವುದರಿಂದ ನೆರೆಮನೆಯವರ ಕಾಗದದೊಡನೆ ಹೋಲಿಸಬಾರದು. ಎನ್ನಿನ ಹಿಂದೆ ಸಣ್ಣ ಸಿ ಇದ್ದರೆ ಅದು ಕೈಯಿಂದ ಮುಟ್ಟಿ, ಸ್ಕ್ಯಾನಿನಿಂದ ನೋಡಿ ಹೇಳಿದುದು. ಸಣ್ಣ ಪಿ ಇದ್ದರೆ ಗ್ರಂಥಿಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದುದು. '2/18' ಎಂದು ಬರೆದಿದ್ದರೆ ಹದಿನೆಂಟು ಗ್ರಂಥಿಗಳನ್ನು ತೆಗೆದಿದ್ದಾರೆ, ಎರಡರಲ್ಲಿ ರೋಗವಿತ್ತು, ಹದಿನಾರರಲ್ಲಿ ಇರಲಿಲ್ಲ. ಇದನ್ನು ತಾರೀಖೆಂದು ತಿಳಿದವರೊಬ್ಬರಿದ್ದರು. ಗ್ರಂಥಿಗೆ ರೋಗ ತಲಪಿದೆಯೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಚಿಕಿತ್ಸೆಯ ಕ್ರಮ ಬದಲಾಗುತ್ತದೆ, ಗುಣಪಡಿಸುವ ಉದ್ದೇಶದಿಂದಲೇ ಅನೇಕ ವೇಳೆ ಮುಂದುವರಿಯುತ್ತದೆ. ಎಂ ಅಕ್ಷರದ ಮುಂದೆ ಏನಿದೆಯೆಂದು ಬೇರೆಯಾಗಿ ಕೇಳಬೇಕು.

ಇಂತಹ ಮಾತುಗಳ ಪಟ್ಟಿಯೊಂದನ್ನು ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲಿಯೂ ಬರೆದು ಸಂಘದ ವಾಚನಾಲಯದ ಮೇಜಿನ ಮೇಲೆ ಇರಿಸಿದ್ದೇವೆ. ಬೇಕಾದವರು ನಕಲು ಮಾಡಿಕೊಂಡು ಆಸ್ಪತ್ರೆಗೆ ಹೋಗುವಾಗ ಒಯ್ಯಬಹುದು. ಕಾಗದಗಳನ್ನು ಓದಿಸಿಕೊಳ್ಳಬೇಕಾದವರಿಗಾಗಿ ಶನಿವಾರಗಳಂದು ಶಾಲೆ ಬಿಟ್ಟ ಬಳಿಕ ನಾವು ಅಲ್ಲಿಯೇ ಇರುತ್ತೇವೆ.